ಇಪ್ಪತ್ಮೂರನೇ ಸರ್ವರ್

ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕಡೆಯವರೆಗೆ ಮುಚ್ಚಿಟ್ಟುಕೊಂಡು ನಿಮ್ಮ ಕೈಲಿ ‘ಪಾಪ, ಒಳ್ಳೆ ಮನುಷ್ಯ’ ಅನ್ನಿಸಿಕೊಳ್ಳುವ ಆಸೆ ಈಗ ನನಗಿಲ್ಲ. ಆ ಆಸೆ ಇದ್ದದ್ದಕ್ಕೇ ಇಷ್ಟೆಲ್ಲ ಆಯಿತು.

ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು ನಾನು, ಚಿದಾನಂದ. ಅದರಲ್ಲಿ ಮುಖ್ಯವಾದದ್ದು ಬ್ಯಾಕಪ್. ಸರ್ವರ್‌ಗಳಲ್ಲಿರುವ ಆರ್ಡರು, ಸ್ಟಾಕು, ಹಾಜರಿ ಎಲ್ಲದರ ಇನ್ನೊಂದು ಪ್ರತಿ ತೆಗೆದು ಬೇರೆ ಕಡೆ ಇಡುವುದು, ಏನಾದರೂ ಕೆಟ್ಟರೆ ಅಲ್ಲಿಂದ ವಾಪಸ್ ತರುವುದು. ಎಲ್ಲ ಸರಿಯಾಗಿದ್ದಾಗ ಈ ಕೆಲಸದವನು ಯಾರ ಕಣ್ಣಿಗೂ ಬೀಳುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ಒಬ್ಬರಾದರೂ ಬಂದು ‘ಚಿದಾನಂದ್, ನಿನ್ನೆ ಬ್ಯಾಕಪ್ ಚೆನ್ನಾಗಿ ಆಯ್ತಾ’ ಎಂದು ಕೇಳಿದ್ದಿಲ್ಲ. ಯಾರಾದರೂ ಕೇಳಲಿ ಎಂದು ನಾನೂ ಕಾದು ಕೂತಿರಲಿಲ್ಲ. ಚೈತ್ರ ಬರುವವರೆಗೆ.

ಚೈತ್ರ ನಮ್ಮ ಮನೆ ಓನರ್ ಬೋರಣ್ಣನವರ ಎರಡನೇ ಮಗಳು. ಜರಗನಹಳ್ಳಿಯಲ್ಲಿ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಕಟ್ಟಡಗಳಿವೆ. ಒಂದರ ಎರಡನೇ ಮಹಡಿಯಲ್ಲಿ ನಾನು, ನನ್ನ ಹೆಂಡತಿ ಜಯದೇವಿ ಬಾಡಿಗೆಗಿದ್ದೇವೆ. ಆ ಹುಡುಗಿ ಪಿಯುಸಿ ಓದುವಾಗ ಅವಳ ಪೆನ್ ಡ್ರೈವ್ ಕೆಟ್ಟು ಪ್ರಾಜೆಕ್ಟ್ ಹೋಗಿತ್ತು. ನಾನು ಒಂದು ಭಾನುವಾರವೆಲ್ಲ ಕೂತು ತೆಗೆದುಕೊಟ್ಟಿದ್ದೆ. ಇಂಜಿನಿಯರಿಂಗ್ ಮುಗಿಸಿ, ನಾಲ್ಕು ವರ್ಷ ಬೇರೆ ಕಡೆ ಇದ್ದು, ಈ ಜೂನ್‌ನಲ್ಲಿ ನಮ್ಮ ಕಂಪನಿಗೇ ಬಂದಳು. ಬೋರಣ್ಣ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, “ನಮ್ ಮಗು ನಿಮ್ ಆಫೀಸ್ಗೇ ಬರ್ತಾಳಂತೆ ಸಾರ್. ಒಸಿ ನೋಡ್ಕೊಳ್ಳಿ” ಎಂದರು. ನೋಡಿಕೊಂಡೆ. ಹೇಗೆ ನೋಡಿಕೊಂಡೆ ಎನ್ನುವುದೇ ಈ ಕಥೆ.

ಅವಳನ್ನು ತೆಗೆದುಕೊಂಡದ್ದೇ ಹೊಸ ಬ್ಯಾಕಪ್ ಸಾಫ್ಟ್‌ವೇರ್ ಕೂರಿಸುವುದಕ್ಕೆ. ಆರು ತಿಂಗಳು ಪ್ರೊಬೇಷನ್. ಡಿಸೆಂಬರ್ ಮೊದಲ ಸೋಮವಾರ ಕೆಲಸ ಖಾಯಂ ಮಾಡುವುದೋ ಬಿಡುವುದೋ ಎಂದು ತೀರ್ಮಾನ. ಬಂದ ಮೂರೇ ವಾರದಲ್ಲಿ ಸರ್ವರ್‌ಗಳಿಗೆಲ್ಲ ಸಾಫ್ಟ್‌ವೇರ್ ಹಾಕಿ, ಎಲ್ಲವನ್ನೂ ಒಂದೇ ಪರದೆಗೆ ತಂದಳು. ನಾನು ಕೈಯಾರೆ ಮಾಡುತ್ತಿದ್ದ ಕೆಲಸ ತಾನಾಗಿ ನಡೆಯತೊಡಗಿತು, ಸರ್ವರ್ ರೂಮಿನ ಕೀಲಿಯೂ ಅವಳ ಕೈಗೆ ಹೋಯಿತು. ದಿನಾ ಬೆಳಗ್ಗೆ ಒಂಬತ್ತಕ್ಕೆ ನಮ್ಮ ಜನರಲ್ ಮ್ಯಾನೇಜರ್ ಶಿವರಾಮ್ ಅವರ ಮೊಬೈಲ್‌ಗೆ ಸಾಲಾಗಿ ಹಸಿರು ಟಿಕ್ ಹಾಕಿದ ವರದಿ ಹೋಗುತ್ತಿತ್ತು. ಅದನ್ನು ಅವರು ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ, ಸಿಕ್ಕ ಸಿಕ್ಕವರಿಗೆಲ್ಲ ತೋರಿಸುತ್ತಿದ್ದರು. “ನೋಡ್ರೀ, ಈ ಹುಡುಗಿ ಬಂದ್ಮೇಲೆ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದೀನಿ.” ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಈ ಮನುಷ್ಯ ನಿದ್ದೆಗೆಟ್ಟದ್ದನ್ನು ನಾನಂತೂ ಕಾಣೆ. ಮೀಟಿಂಗ್‌ಗಳಲ್ಲೇ ಗೊರಕೆ ಹೊಡೆಯುತ್ತಿದ್ದರು.

ಹುಡುಗಿ ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. “ನಂಗೆ ಈ ಫೀಲ್ಡಿನ ಹುಚ್ಚು ಹಿಡಿಸಿದ್ದೇ ಚಿದಾನಂದ್ ಸಾರ್” ಎಂದು ಪೆನ್ ಡ್ರೈವ್ ಕಥೆಯನ್ನು ಎಲ್ಲರಿಗೂ ಹೇಳುತ್ತಿದ್ದಳು. ಕೇಳಿದವರು ನನ್ನ ಕಡೆ ತಿರುಗಿಯೂ ನೋಡದೆ, ‘ಎಷ್ಟು ವಿನಯ ನೋಡಿ ಈ ಮಗೂಗೆ’ ಅನ್ನುತ್ತಿದ್ದರು. ಪೆನ್ ಡ್ರೈವ್‌ಗೆಂದು ನಾನು ಕೊಟ್ಟ ಆ ಭಾನುವಾರವೂ ಅವಳ ಗುಣಕ್ಕೇ ಸೇರಿಹೋಯಿತು. ಮನೆಗೆ ಬಂದರೆ ಜಯದೇವಿ, “ಆ ಹುಡುಗಿ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ಬಂದ್ರೂ ನಗ್ತಾನೇ ಇರ್ತಾಳೆ ಕಣ್ರೀ. ನೀವ್ಯಾಕೆ ಹಿಂಗೆ ಗಂಟು ಮುಖ ಹಾಕ್ಕೊಂಡ್ ಬರ್ತೀರಾ?” ಎನ್ನುತ್ತಿದ್ದಳು. ಮನೆಯಲ್ಲೂ ಬಿಡುವಿರಲಿಲ್ಲ.

ಜೂನ್‌ನ ಮೊದಲ ವಾರದಲ್ಲೇ ಒಂದು ದಿನ ಚೈತ್ರ ಟೀ ಲೋಟ ಹಿಡಿದು ನನ್ನ ಮೇಜಿಗೆ ಬಂದಿದ್ದಳು.

“ಸಾರ್, ನಮ್ಮಲ್ಲಿ ಒಟ್ಟು ಎಷ್ಟು ಸರ್ವರ್ ಇದೆ, ಯಾವ್ದ್ರಲ್ಲಿ ಏನಿದೆ ಅಂತ ಒಂದ್ ಲಿಸ್ಟ್ ಮಾಡ್ಕೊಡ್ತೀರಾ? ನಿಮ್ಮನ್ ಬಿಟ್ರೆ ಇಲ್ಲಿ ಪೂರ್ತಿ ಯಾರಿಗೂ ಗೊತ್ತಿಲ್ಲ.”

ಆ ಮಾತಿಗೆ ಮನಸ್ಸು ತಣ್ಣಗಾಗಬೇಕಿತ್ತು. ಆ ಟೀ ಮುಗಿಯುವಷ್ಟು ಹೊತ್ತು ಆಗಿಯೂ ಆಯಿತು. ಆಮೇಲೆ ಕೂತು ಪಟ್ಟಿ ಬರೆದೆ. ಇಪ್ಪತ್ತೆರಡು ಬರೆದು ನಿಲ್ಲಿಸಿದೆ.

ಇಪ್ಪತ್ಮೂರನೆಯದು ಸರ್ವರ್ ರೂಮಿನಲ್ಲಿಲ್ಲ. ಅದು ಕಟಿಂಗ್ ಸೆಕ್ಷನ್ನಿನಲ್ಲಿ, ಪ್ಯಾಟರ್ನ್ ಮಾಸ್ಟರ್ ಮರೆಪ್ಪನವರ ಮೇಜಿನ ಕೆಳಗೆ ಇತ್ತು. ಒಂದು ಶರ್ಟಿಗೆ ಕಾಲರ್ ಎಷ್ಟು, ತೋಳು ಎಷ್ಟು, ಯಾವ ಸೈಜಿಗೆ ಯಾವ ಆಕಾರ ಎಂದು ಮಾಸ್ಟರ್ ಕಂಪ್ಯೂಟರಿನಲ್ಲಿ ಬಿಡಿಸಿಡುವ ನಕ್ಷೆಗಳೆಲ್ಲ ಅದರಲ್ಲಿವೆ, ಒಂದೊಂದು ನಮೂನೆಗೆ, ಅಂದರೆ ‘ಸ್ಟೈಲ್’ಗೆ, ಒಂದೊಂದು ಫೋಲ್ಡರ್. ಅದರ ಪ್ರಕಾರವೇ ಬಟ್ಟೆ ಕತ್ತರಿಸುವುದು. ಅದು ನಿಂತರೆ ಕಂಪನಿ ನಿಂತಂತೆ. ಅಂಥದ್ದನ್ನು ನಾನು ಮರೆತು ಬಿಡಲಿಲ್ಲ, ನೆನಪಿಟ್ಟುಕೊಂಡೇ ಪಟ್ಟಿಯಿಂದ ಬಿಟ್ಟೆ. ಅದರ ಬ್ಯಾಕಪ್ಪನ್ನು ಪ್ರತಿ ಶುಕ್ರವಾರ ನಾನೇ ಒಂದು ಪೋರ್ಟಬಲ್ ಡಿಸ್ಕಿಗೆ ತೆಗೆದಿಡುತ್ತೇನೆ, ಎಂದಾದರೂ ಅದು ಕೈಕೊಟ್ಟ ದಿನ ಅವಳ ಹೊಸ ಸಾಫ್ಟ್‌ವೇರ್ ಬಾಯಿ ಮುಚ್ಚಿಕೊಂಡಿರುತ್ತದೆ, ನಾನು ಡಿಸ್ಕು ಹಿಡಿದು ನಡೆದು ಬರುತ್ತೇನೆ. ಇದು ನನ್ನ ಲೆಕ್ಕಾಚಾರ.

ಹದಿನೈದು ದಿನದ ಮೇಲೆ ಅವಳು ಮತ್ತೆ ಬಂದಳು. “ಸಾರ್, ನೆಟ್‌ವರ್ಕ್ ಸ್ಕ್ಯಾನ್ ಮಾಡ್ದಾಗ ಕಟಿಂಗ್ ಸೆಕ್ಷನ್‌ನಲ್ಲಿ ಇನ್ನೊಂದು ಮೆಷಿನ್ ಕಾಣ್ತಿದೆ. ಅದನ್ನೂ ಹಾಕ್ಲಾ?”

“ಅದಾ? ಹಳೇ ಡಬ್ಬ. ಗುಜರಿಗೆ ಹೋಗೋದು. ಬಿಡಮ್ಮ.”

“ಸರಿ ಸಾರ್.” ಅಷ್ಟೇ. ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಊಟವಾದ ಮೇಲೆ ಡಿಸ್ಕು ತೆಗೆದುಕೊಂಡು ಕಟಿಂಗ್ ಸೆಕ್ಷನ್ನಿಗೆ ಹೋಗಿ ಕೂರುತ್ತಿದ್ದೆ. ಮರೆಪ್ಪನವರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು, ನಾನು ನನ್ನ ಪಾಡಿಗೆ ಕಾಪಿ ಆಗುವುದನ್ನು ನೋಡುತ್ತಿದ್ದೆ. ನವೆಂಬರಿನಲ್ಲಿ ಮೂರು ಶುಕ್ರವಾರ ತಪ್ಪಿತು. ಒಂದು ಸಲ ದೀಪಾವಳಿ, ಒಂದು ಸಲ ತಿಪಟೂರಿನಲ್ಲಿ ನೆಂಟರ ಗೃಹಪ್ರವೇಶ, ಇನ್ನೊಂದು ಸಲ ಸುಮ್ಮನೆ ಸೋಮಾರಿತನ.

ಚೈತ್ರಳ ತೀರ್ಮಾನಕ್ಕೆ ನಾಲ್ಕು ದಿನವಿದೆ ಎನ್ನುವಾಗ, ಗುರುವಾರ ಬೆಳಗ್ಗೆ ಹತ್ತೂವರೆಗೆ, ಮರೆಪ್ಪನವರ ಫೋನ್ ಬಂತು.

“ಚಿದಾನಂದ್ ಸಾರ್, ಒಂದು ಸ್ಟೈಲ್‌ದು ಫೋಲ್ಡ್ರೇ ಇಲ್ಲ. ಯಾರೋ ಡಿಲೀಟ್ ಮಾಡ್ಬಿಟ್ಟವ್ರೆ. ಬಟ್ಟೆ ಟೇಬಲ್ ಮೇಲೆ ಹಾಸ್ಬಿಟ್ಟಿದೀವಿ.”

ನಿಜ ಹೇಳುತ್ತೇನೆ, ಖುಷಿಯಾಯಿತು. ಆರು ತಿಂಗಳಿಂದ ಕಾದಿದ್ದ ಫೋನ್ ಅದು. ಚೈತ್ರ ಎರಡು ಮೇಜಿನಾಚೆ ಕೂತಿದ್ದಳು. ಅವಳಿಗೆ ಹೇಳದೆ ಡ್ರಾಯರಿನಿಂದ ಡಿಸ್ಕು ತೆಗೆದುಕೊಂಡು, ದಾರಿಯಲ್ಲಿ ಶಿವರಾಮ್ ಅವರ ಕ್ಯಾಬಿನ್ನಿಗೆ ಇಣುಕಿ, “ಸಾರ್, ಕಟಿಂಗ್‌ನಲ್ಲಿ ಪ್ರಾಬ್ಲಂ ಆಗಿದೆ. ಹೆದರ್ಬೇಡಿ, ನನ್ನತ್ರ ಇದೆ” ಎಂದೆ. ಅವರು ಎದ್ದು ಹಿಂದೆಯೇ ಬಂದರು. ಬರಲಿ ಎಂದೇ ಹೇಳಿದ್ದು.

ಕಳೆದುಹೋಗಿದ್ದದ್ದು ಒಂದು ಫೋಲ್ಡರ್. ಅದೊಂದನ್ನೇ ಹುಡುಕಿ, ಪಕ್ಕದಲ್ಲಿ ಬೇರೆ ಜಾಗಕ್ಕೆ ಇಳಿಸಿ, ನೋಡಿ, ಆಮೇಲೆ ಸೇರಿಸಬೇಕು. ಇದು ಈ ಕೆಲಸದ ಮೊದಲ ಪಾಠ. ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಆದರೆ ಬೆನ್ನ ಹಿಂದೆ ಜನರಲ್ ಮ್ಯಾನೇಜರ್, ಇಬ್ಬರು ಸೂಪರ್‌ವೈಸರ್‌ಗಳು, ಕತ್ತರಿ ಹಿಡಿದು ನಿಂತ ಹತ್ತು ಜನ. ಹುಡುಕುತ್ತ ಕೂತರೆ ಏನು ಚೆನ್ನ? ಇಡೀ ಡಿಸ್ಕನ್ನೇ ವಾಪಸ್ ಹಾಕು ಎಂದು ಒತ್ತಿದೆ. ‘ಇದೇ ಹೆಸರಿನ ಫೈಲುಗಳು ಈಗಾಗಲೇ ಇವೆ, ಅವುಗಳ ಮೇಲೆ ಬರೆಯಲೇ’ ಎಂದು ಪರದೆ ಕೇಳಿತು. ಎಲ್ಲಕ್ಕೂ ಹೌದು ಎಂದೆ.

ಎಂಟು ನಿಮಿಷದಲ್ಲಿ ಮುಗಿಯಿತು. ಹೋದ ಫೋಲ್ಡರ್ ಬಂದಿತ್ತು. ಶಿವರಾಮ್ ನನ್ನ ಭುಜ ತಟ್ಟಿ, “ಭೇಷ್ ಕಣ್ರೀ” ಎಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಆ ‘ಭೇಷ್’ ನನ್ನ ಹತ್ತಿರ ಎರಡು ನಿಮಿಷ ಇತ್ತು.

ಮರೆಪ್ಪನವರು ಕನ್ನಡಕ ಏರಿಸಿಕೊಂಡು ಇನ್ನೊಂದು ಸ್ಟೈಲ್ ತೆರೆದರು. ಮತ್ತೊಂದು ತೆರೆದರು. “ಸಾರ್, ಬಯರ್ ಹೇಳಿದ್ ಕರೆಕ್ಷನ್ನೆಲ್ಲ ಮಾಡಿದ್ನಲ್ಲ, ಅದು ಕಾಣ್ತಿಲ್ಲ. ಇದು ದೀಪಾವಳಿಗಿಂತ ಮುಂಚಿಂದು.”

ನನ್ನ ಹಳೆಯ ಪ್ರತಿ ಅವರ ಹೊಸ ಕೆಲಸದ ಮೇಲೆಲ್ಲ ಕೂತುಬಿಟ್ಟಿತ್ತು. ಸುಮಾರು ನಾಲ್ಕು ವಾರದಲ್ಲಿ ಅವರು ತಿದ್ದಿದ್ದ ಹತ್ತೊಂಬತ್ತು ಸ್ಟೈಲ್ ಹೋಗಿದ್ದವು. ಬರೀ ಅಳಿಸಿದ್ದಾದರೆ ಹುಡುಕುವ ದಾರಿಗಳಿವೆ. ಮೇಲೆ ಬರೆದುಬಿಟ್ಟದ್ದಕ್ಕೆ ಯಾವ ದಾರಿಯೂ ಇಲ್ಲ.

ಶಿವರಾಮ್ ಚೈತ್ರಳನ್ನು ಕರೆಸಿದರು. “ನಿನ್ನೆಯ ಕಾಪಿ ನಿನ್ ಸಾಫ್ಟ್‌ವೇರಲ್ಲಿ ಇರತ್ತಲ್ಲಮ್ಮ, ಹಾಕು.”

ಅವಳು ಲ್ಯಾಪ್‌ಟಾಪ್ ತೆರೆದು ನೋಡಿದಳು. ಮೇಜಿನ ಕೆಳಗಿನ ಡಬ್ಬ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ‘ಗುಜರಿಗೆ ಹೋಗೋದು’ ಎಂದದ್ದು ಅವಳಿಗೆ ಆ ಕ್ಷಣಕ್ಕೆ ನೆನಪಾದದ್ದು ನನಗೆ ಗೊತ್ತಾಯಿತು.

“ಈ ಮೆಷಿನ್ ಬ್ಯಾಕಪ್‌ನಲ್ಲಿಲ್ಲ ಸಾರ್.”

“ಇಲ್ಲ ಅಂದ್ರೆ? ಎಲ್ಲಾ ಸರ್ವರ್ ಹಾಕಿದೀನಿ ಅಂತ ಡೈರೆಕ್ಟರ್ ಮುಂದೆ ಹೇಳಿದ್ದು ಯಾರು? ಸೋಮವಾರ ನಾನು ಏನಂತ ನಿನ್ನ ಕನ್ಫರ್ಮ್ ಮಾಡ್ಲಿ?”

‘ಚಿದಾನಂದ್ ಸಾರ್ ಬೇಡ ಅಂದ್ರು’ ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. “ನನ್ ತಪ್ಪು ಸಾರ್. ನಾನೇ ಬಂದು ನೋಡ್ಬೇಕಿತ್ತು” ಎಂದಳು.

ಆಗಲೂ ನನಗೆ ಹೊಟ್ಟೆ ಉರಿಯಿತು, ನಂಬಿ. ತಪ್ಪು ಒಪ್ಪಿಕೊಳ್ಳುವುದರಲ್ಲೂ ಇವಳು ನನಗಿಂತ ಮುಂದೆ. ಅದೂ ನನ್ನ ತಪ್ಪನ್ನು.

ಮಧ್ಯಾಹ್ನ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದೆ. ಎದ್ದು ಶಿವರಾಮ್ ಅವರ ಕ್ಯಾಬಿನ್ನಿಗೆ ಹೋಗಿ ಹೇಳಿದೆ. “ಸಾರ್, ಆ ಸರ್ವರ್ ಲಿಸ್ಟಿಂದ ಬಿಟ್ಟಿದ್ದು ನಾನು. ಅವಳು ಕೇಳಿದ್ಲು, ನಾನೇ ಬೇಡ ಅಂದೆ.”

ಅವರು ನಕ್ಕರು. “ಕೂತ್ಕೊಳ್ರೀ. ನಂಗೊತ್ತಿಲ್ವಾ? ನಿಮ್ ಮನೆ ಓನರ್ ಮಗಳು. ನಾಳೆ ಬೋರಣ್ಣನ ಮುಖ ನೋಡ್ಬೇಕಲ್ಲ ನೀವು. ಅದಕ್ಕೆ ಅವಳ ತಪ್ಪು ನಿಮ್ ತಲೆ ಮೇಲೆ ಹಾಕ್ಕೊಳ್ತಿದ್ದೀರಾ. ದೊಡ್ಡ ಮನಸ್ಸು ಕಣ್ರೀ ನಿಮ್ದು.”

ಆರು ತಿಂಗಳಿಂದ ಇದಕ್ಕೇ ಬಾಯಿ ಬಿಟ್ಟುಕೊಂಡಿದ್ದೆ. ‘ದೊಡ್ಡ ಮನಸ್ಸು’ ಎಂದು ಹೊತ್ತುಕೊಂಡು ಎದ್ದು ಬಂದುಬಿಡಬಹುದಿತ್ತು. ಸೋಮವಾರ ಅವಳು ಹೋಗುತ್ತಿದ್ದಳು, ಸರ್ವರ್ ರೂಮಿನ ಕೀಲಿ ಮತ್ತೆ ನನ್ನದಾಗುತ್ತಿತ್ತು. ಒಂದು ಗಳಿಗೆ ಕುರ್ಚಿಯಲ್ಲಿ ಹಾಗೇ ಕೂತಿದ್ದೆ. ಆ ಒಂದು ಗಳಿಗೆಯನ್ನು ನಾನು ಮುಚ್ಚಿಡುವುದಿಲ್ಲ.

ಆಮೇಲೆ ಜೇಬಿನಲ್ಲಿದ್ದ ಡಿಸ್ಕನ್ನು ಅವರ ಕಂಪ್ಯೂಟರಿಗೆ ಚುಚ್ಚಿದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಕಾಪಿ ಮಾಡಿದ್ದು ಎಂದು ಅದರಲ್ಲಿ ದಾಖಲೆ ಇರುತ್ತದೆ. ಜೂನ್‌ನಿಂದ ದೀಪಾವಳಿಯವರೆಗೆ ಒಂದೊಂದು ಶುಕ್ರವಾರವೂ ನನ್ನ ಹೆಸರಿತ್ತು. “ಗುಜರಿ ಮೆಷಿನ್ ಆಗಿದ್ರೆ ನಾನು ವಾರ ವಾರ ಹೋಗಿ ಕಾಪಿ ತಗೊಳ್ತಿದ್ನಾ ಸಾರ್?”

ಅವರು ಪರದೆಯ ಮೇಲಿನ ಒಂದೊಂದು ತಾರೀಖಿಗೂ ಬೆರಳಿಟ್ಟು ಓದಿದರು. “ಯಾಕ್ರೀ?”

“ಹೊಟ್ಟೆಕಿಚ್ಚು ಸಾರ್.”

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಹೊರಗೆ ಹೋಗಿ” ಎಂದರು. ಸೋಮವಾರ ಚೈತ್ರಳ ಕೆಲಸ ಖಾಯಂ ಆಯಿತು. ಬ್ಯಾಕಪ್ ಪೂರ್ತಿ ಅವಳ ಕೈಗೆ ಹೋಯಿತು. ನನಗೆ ಪ್ರಿಂಟರು, ಬೆರಳಿಟ್ಟು ಹಾಜರಿ ಹಾಕುವ ಯಂತ್ರ ಉಳಿದವು. ಪಾಸ್‌ವರ್ಡ್‌ಗಳನ್ನೆಲ್ಲ ಬರೆದುಕೊಟ್ಟಾಗ ಅವಳು ಚೀಟಿ ತೆಗೆದುಕೊಂಡು “ಆಯ್ತು” ಎಂದಳು. ಅದಾದ ಮೇಲೆ ನನ್ನ ಬಗ್ಗೆ ಅವಳು ಯಾರ ಹತ್ತಿರವೂ ಯಾವ ಕಥೆಯನ್ನೂ ಹೇಳಿದ್ದು ಕೇಳಲಿಲ್ಲ.

ಇಲ್ಲಿಗೆ ಮುಗಿಯಿತು, ಮಾಡಿದ್ದಕ್ಕೆ ಅನುಭವಿಸಿದೆ ಎಂದುಕೊಂಡಿದ್ದೆ. ಹತ್ತೊಂಬತ್ತು ಸ್ಟೈಲನ್ನು ಹೊಸದಾಗಿ ತಿದ್ದಬೇಕಿತ್ತಲ್ಲ, ಮರೆಪ್ಪನವರು ಭಾನುವಾರವೂ ಬರುತ್ತಿದ್ದರು. ಬಯರ್ ಕಳಿಸಿದ ಕಾಗದ ಹಿಡಿದು ಅಳತೆ ಓದಿ ಹೇಳುವುದಕ್ಕೆ ನಾನೂ ಹೋಗಿ ಪಕ್ಕದಲ್ಲಿ ಕೂತೆ. ಖಾಲಿ ಹಾಲಿನಲ್ಲಿ ನಾವಿಬ್ಬರೇ. ಏಳನೇ ಸ್ಟೈಲ್ ನಡೆಯುವಾಗ, ಪರದೆಯಿಂದ ಕಣ್ಣು ತೆಗೆಯದೆ ಅವರು ಕೇಳಿದರು.

“ಆ ಹುಡುಗಿ ಮೇಲೆ ಸಿಟ್ಟಿದ್ರೆ ಹುಡುಗೀನ ಬೈಬೌದಿತ್ತಲ್ಲ ಸಾರ್. ನನ್ ಕೆಲ್ಸ ನಿಮ್ಗೇನ್ ಮಾಡಿತ್ತು?”

ಬೇಸರದಿಂದ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳುವುದಕ್ಕೆ ಕೇಳಿದ್ದು. ಉತ್ತರಕ್ಕಾಗಿ ಕೈ ನಿಲ್ಲಿಸಿ ಕಾದರು. ಚೈತ್ರ ಸೋಲಬೇಕು, ಶಿವರಾಮ್ ನೋಡಬೇಕು, ನಾನು ಗೆಲ್ಲಬೇಕು ಎಂದು ಆರು ತಿಂಗಳು ಲೆಕ್ಕ ಹಾಕಿದ್ದೆ. ವಾರ ವಾರವೂ ಇದೇ ಕುರ್ಚಿಯಲ್ಲಿ, ಈ ಮನುಷ್ಯನ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಲೆಕ್ಕ ಹಾಕಿದ್ದೆ. ಅದರಲ್ಲಿ ಇವರು ಒಂದು ಸಲವೂ ಬಂದಿರಲಿಲ್ಲ.