ತೊಂಬತ್ತನೆಯ ದಿನದ ಬಟ್ಟಲು

ಮಣ್ಣಿನಿಂದ ಎಳೆದ ಬಲೆಚೀಲವನ್ನು ಗುಂಡಿಯಕ್ಕ ನಲ್ಲಿಯ ಕೆಳಗೆ ಹಿಡಿದಳು. ಕೆಸರು ಹರಿದುಹೋಯಿತು, ಅದರ ಹಿಂದೆ ನಾರೂ ಹೋಯಿತು. ಉಳಿದದ್ದು ಬಟ್ಟಲಿನದೇ ಆಕಾರದ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಒಂದು ಪೊರೆ. ಹಿಂಡಿದಳು, ಎಳೆದಳು, ಕೊನೆಗೆ ಹಲ್ಲಿನಿಂದ ಕಚ್ಚಿಯೂ ನೋಡಿದಳು. ಅದು ಜಪ್ಪಯ್ಯ ಎನ್ನಲಿಲ್ಲ.

ಹುಲ್ಲಿನ ತಿರುಳಿನಿಂದ ಊಟದ ಬಟ್ಟಲು ಒತ್ತುವ ಕಾರ್ಖಾನೆ ಅದು. ಹೊಸ ಬಗೆಯ ಬಟ್ಟಲು ಬಂದಾಗಲೆಲ್ಲ ಅದನ್ನು ಹಿತ್ತಲಿನ ಗುಂಡಿಯಲ್ಲಿ ಹೂಳಿ, ತೊಂಬತ್ತು ದಿನಕ್ಕೆ ತೆಗೆದು, ಮಣ್ಣಾಯಿತೋ ಇಲ್ಲವೋ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕುವುದು ಅವಳ ಕೆಲಸ; ಅದಕ್ಕೇ ಆ ಹೆಸರು. ಆ ಮಣ್ಣಿಗೆ ಮೂರು ವರ್ಷದಿಂದ ತರಕಾರಿ ಸಿಪ್ಪೆ ತಿನ್ನಿಸಿ, ನೀರುಣಿಸಿ ಸಾಕಿದ್ದಳು. ಎಣ್ಣೆ ಸೋರಬಾರದೆಂದು ಈ ಸಲದ ಬಟ್ಟಲಿನ ಒಳಮೈಗೆ ಏನೋ ಬಳಿದಿದ್ದರು. ಅದೂ ಗಿಡದ್ದೇ ಎಂದಿದ್ದ ಮೇಲ್ವಿಚಾರಕ. ಅವನ ಮಾತು ಜಾರುವ ರೀತಿಗೆ ಹೆಂಗಸರು ಅವನನ್ನು ಬೆಣ್ಣೆ ಎನ್ನುತ್ತಿದ್ದರು.

ಬೆಳಿಗ್ಗೆ ಮನೆಯಲ್ಲಿ, ಇದೇ ಕಾರ್ಖಾನೆಯಲ್ಲಿ ದಿನಗೂಲಿಗಿದ್ದ ನಾದಿನಿ ತಲೆ ಬಾಚುತ್ತಾ ಹೇಳಿದ್ದಳು: "ಅತ್ತಿಗೆ, ಇವತ್ತು ಕೈ ಕೊಡಬೇಡ ಅಂತ ನಿನ್ನ ಗುಂಡಿಗೆ ಹೇಳು. ಈ ಆರ್ಡರ್ ಬಂದ್ರೆ ಒಂದನೇ ತಾರೀಖಿಗೆ ನಾನು ಕಾಯಂ. ರೂಮು ನೋಡಿಟ್ಟಿದ್ದೀನಿ. ನಾನೂ ಮಗಳೂ ನಿನ್ನ ಗೊರಕೆಯಿಂದ ಪಾರು."

"ಗೊರಕೆ ನಿಮ್ಮಣ್ಣಂದು ಕಣೇ."

"ಅವನದು ಬಸ್ಸು. ನಿಂದು ಲಾರಿ."

ಈಗ ಗುಂಡಿಯಕ್ಕನಿಗೆ ಕಾಲು ಒಂದು ಕಡೆ ನಿಲ್ಲಲಿಲ್ಲ. ನಲ್ಲಿಯಿಂದ ಗುಂಡಿಗೆ, ಗುಂಡಿಯಿಂದ ನಲ್ಲಿಗೆ ನಡೆದಳು. ಎರಡನೇ ಚೀಲ ತೆಗೆದಳು. ಅದರಲ್ಲೂ ಪೊರೆ.

ಬೆಣ್ಣೆ ಬಂದು ನೋಡಿದ. ಮುಖ ಸ್ವಲ್ಪವೂ ಕೆಡಲಿಲ್ಲ. "ಬಟ್ಟಲು ಚೆನ್ನಾಗೇ ಇದೆ ಅಕ್ಕ. ನಿನ್ನ ಮಣ್ಣು ಸತ್ತಿದೆ. ಮಣ್ಣಿನ ದೋಷ, ಮತ್ತೆ ಪರೀಕ್ಷೆ ಮಾಡ್ತೀವಿ ಅಂತ ಬರೆದು ಸಹಿ ಹಾಕು. ಕೊಳ್ಳೋರು ಬಾಗಿಲಿಗೆ ಬಂದಾಗಿದೆ."

ಅವಳಿಗೆ ಮೈಯೆಲ್ಲ ಉರಿಯಿತು. "ಸತ್ತಿದ್ರೆ ಬಟ್ಟೆ ಎಲ್ಲಿ ಹೋಯ್ತು ಸಾರ್?"

ಪ್ರತಿ ಚೀಲದಲ್ಲೂ ಬಟ್ಟಲಿನ ಜೊತೆ ಒಂದು ಹತ್ತಿಬಟ್ಟೆಯ ಚೂರು ಇಡುವುದು ಅವಳ ಪದ್ಧತಿ. ಬಟ್ಟೆ ಕೊಳೆತಿದ್ದರೆ ಮಣ್ಣಿಗೆ ಜೀವವಿದೆ ಎಂದು ಅರ್ಥ. ಎರಡು ಚೀಲದಲ್ಲೂ ಒಂದು ಎಳೆಯೂ ಉಳಿದಿರಲಿಲ್ಲ.

"ಇಟ್ಟಿದ್ದೆ ಅನ್ನೋದಕ್ಕೆ ಏನು ಗ್ಯಾರಂಟಿ? ಮರೆತಿರ್ತೀಯ ಬಿಡು."

ಮಣ್ಣು ಒಂದೆಳೆಯನ್ನೂ ಬಿಡದೆ ತಿಂದದ್ದೇ ತಪ್ಪಾಗಿತ್ತು. ಅರ್ಧ ತಿಂದಿದ್ದರೆ ಸಾಕ್ಷಿಯಾದರೂ ಉಳಿಯುತ್ತಿತ್ತು.

ಕೊಳ್ಳುವವಳು ಆಗಲೇ ಹಿತ್ತಲಿಗೆ ಬಂದಿದ್ದಳು. ಶಾಲೆಗಳಿಗೆ ಊಟ ಕಳಿಸುವ ಕಂಪನಿಯವಳು. ಉಂಡು ಬಿಸಾಡಿದ ಬಟ್ಟಲುಗಳು ಪುಡಿಯಾಗಿ ತರಕಾರಿ ಹೊಲಗಳಿಗೆ ಗೊಬ್ಬರವಾಗಿ ಹೋಗಬೇಕಿತ್ತು. ಇಬ್ಬರ ಮಾತನ್ನೂ ಕೇಳಿಸಿಕೊಂಡು, "ಬಟ್ಟೆ ಎಲ್ಲಿಂದ ತಂದಿದ್ರಿ?" ಎಂದಳು.

ಹೇಳಿದರೆ ಯಾರನ್ನು ಕರೆಯುತ್ತಾರೆಂದು ಗುಂಡಿಯಕ್ಕನಿಗೆ ಗೊತ್ತಿತ್ತು. "ನನ್ನ ನಾದಿನಿ ಕೊಟ್ಟಿದ್ದು. ಒತ್ತೋ ಯಂತ್ರದಲ್ಲಿದ್ದಾಳೆ."

ನಾದಿನಿ ಬಂದಳು, ಮೊಣಕೈವರೆಗೂ ಬಿಳಿ ತಿರುಳು ಮೆತ್ತಿಕೊಂಡು. ಬೆಣ್ಣೆ ಮೆಲ್ಲಗೆ ವಿಷಯ ಹೇಳಿ, "ಯೋಚನೆ ಮಾಡಿ ಹೇಳಮ್ಮ. ಮೂರು ತಿಂಗಳ ಹಿಂದಿನ ಮಾತು, ನೆನಪಿರೋದು ಕಷ್ಟ. ನೀನು ಕಾಯಂ ಆಗೋಳು ಬೇರೆ," ಎಂದ.

ನಾದಿನಿ ನಲ್ಲಿಯ ಪಕ್ಕದ ಪೊರೆಯನ್ನು ನೋಡಿದಳು. ಅತ್ತಿಗೆಯ ಕಡೆ ನೋಡಲಿಲ್ಲ. ಗುಂಡಿಯಕ್ಕನಿಗೆ ಒಂದು ಕ್ಷಣ, ನೆನಪಿಲ್ಲ ಅಂದುಬಿಡು ಕಣೇ, ನಿನ್ನ ರೂಮಿಗೆ ಹೋಗು, ಎಂದು ಕೂಗಬೇಕೆನಿಸಿತು.

"ಕೊಟ್ಟಿದ್ದೆ," ಎಂದಳು ನಾದಿನಿ. "ಮಗಳ ಹಳೇ ಫ್ರಾಕು. ಮೂರು ಚೂರು ಹರಿದೆ. ಎರಡು ಇವಳು ಚೀಲದಲ್ಲಿ ಇಟ್ಲು. ಇನ್ನೊಂದನ್ನ ನನ್ನ ಕೈಗೆ ಕಟ್ಟಿದ್ಲು. ಅವತ್ತು ಬೆಳಿಗ್ಗೆ ಅಚ್ಚು ತಗುಲಿ ಕೈ ಸುಟ್ಟಿತ್ತು." ತೋಳಿನ ತಿರುಳನ್ನು ಒರೆಸಿ ನುಣ್ಣಗಿನ ಕಲೆ ತೋರಿಸಿದಳು. "ನೀವು ಅರ್ಧ ದಿನ ರಜಾ ಕೊಡಲಿಲ್ಲ. ನಿಮಗೂ ನೆನಪಿರಬೇಕು ಸಾರ್."

ಕೊಳ್ಳುವವಳು ಒಂದು ಪೊರೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಆರ್ಡರಿನ ಮಾತೇ ಎತ್ತದೆ ಹೊರಟಳು. ಬೆಣ್ಣೆ ಅವಳ ಹಿಂದೆ ಓಡಿದ.

ಗುಂಡಿಯಕ್ಕ ಪುಸ್ತಕದಲ್ಲಿ 'ಮಣ್ಣಾಗಿಲ್ಲ' ಎಂದು ಬರೆದು ಸಹಿ ಹಾಕಿದಳು. ಆಮೇಲೆ ಕೈ ಕೂಡ ತೊಳೆಯದೆ ಒಳಗೆ ಹೋದಳು.

ನಾದಿನಿ ಯಂತ್ರದ ಮುಂದೆ ನಿಂತಿದ್ದಳು. ಅಚ್ಚು ಇಳಿಯಿತು, ಉಸ್ಸೆಂದಿತು, ಎದ್ದಿತು. ಅವಳು ಆ ಆರ್ಡರಿಗೆಂದೇ ಒತ್ತುತ್ತಿದ್ದ ಬಿಸಿ ಬಟ್ಟಲು ತೆಗೆದು ಪಕ್ಕದಲ್ಲಿ ಪೇರಿಸಿದಳು. ನಿಲ್ಲಿಸು ಎಂದು ಯಾರೂ ಇನ್ನೂ ಹೇಳಿರಲಿಲ್ಲ. ಬಟ್ಟಲುಗಳ ಅಟ್ಟಿ ಅವಳ ತಲೆಯನ್ನೂ ಮೀರಿತ್ತು. ತುದಿಗಾಲಲ್ಲಿ ನಿಂತು, ಕೈ ಚಾಚಿ, ಅವಳು ಇನ್ನೊಂದನ್ನು ಅದರ ಮೇಲಿಟ್ಟಳು.