ಗಿಡಕ್ಕೆ ನೀರು ಹಾಕುವ ಮಕ್ಕಳು

ಬೆಳಿಗ್ಗೆ ಏಳೂವರೆಗೆ ಜಿಲ್ಲಾ ಶಿಕ್ಷಣ ಕಚೇರಿಯಿಂದ ಫೋನ್ ಬಂತು. ಕೇಳಿದ್ದು ಕಿರಿ ಸೊಸೆಯನ್ನು.

ಹಿರಿ ಸೊಸೆ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದಳು. ಕಣ್ಣು ಪಾತ್ರೆಯ ಮೇಲಿದ್ದರೂ ಕಿವಿ ನಡುಮನೆಯಲ್ಲಿತ್ತು. "ಹೌದು ಸರ್, ಅದೇ ಶಾಲೇಲಿ ಆಗಲಿ. ಮಕ್ಕಳನ್ನ ಮಾತ್ರ ಆರಿಸೋದು ಬೇಡ ಸರ್, ತರಗತಿ ಹೇಗಿದೆಯೋ ಹಾಗೇ ಇರಲಿ" ಎಂದು ಕಿರಿಯಳು ಹೇಳುತ್ತಿದ್ದಳು. ಹಾಲು ಉಕ್ಕಿ ಒಲೆ ಆರಿತು.

"ಏನಂತಮ್ಮಾ?" ಅತ್ತೆ ಕೋಣೆಯಿಂದಲೇ ಕೂಗಿದರು.

"ಈ ಸಲದ ಮಾದರಿ ಪಾಠ ನಾನೇ ಮಾಡ್ಬೇಕಂತೆ ಅತ್ತೆ. ಅಕ್ಕನ ಶಾಲೇಲಿ."

"ನೋಡಿದ್ಯಾ, ಒಂದೇ ಮನೇಲಿ ಇಬ್ಬರು ಮಾದರಿ ಟೀಚರು!" ಎಂದರು ಅತ್ತೆ. ಹಿರಿ ಸೊಸೆ ಒಲೆ ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

ಇಬ್ಬರೂ ಸರ್ಕಾರಿ ಶಾಲೆಯ ಶಿಕ್ಷಕಿಯರು, ಅಣ್ಣ ತಮ್ಮಂದಿರ ಹೆಂಡತಿಯರು, ಒಂದೇ ಮನೆಯಲ್ಲಿ ಇದ್ದವರು. ಮನೆಯಲ್ಲಿ ಅವರನ್ನು ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು. ಜಿಲ್ಲೆಯ ಶಿಕ್ಷಕರಿಗೆ ದೊಡ್ಡವಳು 'ವೃತ್ತದ ಮೇಡಂ'. ಭಿನ್ನರಾಶಿಯ ಪಾಠ ಶುರುವಾಗುವಾಗ ಆಕೆ ಬೋರ್ಡಿನ ಕಡೆ ತಿರುಗಿ, ದಾರವಿಲ್ಲದೆ, ಕೈವಾರವಿಲ್ಲದೆ, ಒಂದೇ ಎಳೆತದಲ್ಲಿ ಪೂರ್ತಿ ವೃತ್ತ ಬರೆಯುತ್ತಿದ್ದಳು. ಶುರುವಾದ ಬಿಂದು ಎಲ್ಲಿ, ಮುಗಿದದ್ದು ಎಲ್ಲಿ ಎಂದು ಹೇಳಲು ಬರುತ್ತಿರಲಿಲ್ಲ. ನೋಡಲು ಬಂದವರು ಚಪ್ಪಾಳೆ ಹೊಡೆಯುತ್ತಿದ್ದರು. ವರ್ಷಕ್ಕೊಮ್ಮೆ ನಡೆಯುವ ಜಿಲ್ಲೆಯ ಮಾದರಿ ಪಾಠ ಇಲ್ಲಿಯವರೆಗೆ ಅವಳದೇ ಆಗಿತ್ತು.

ಈ ವರ್ಷ ಕಚೇರಿ ಬೇರೆ ದಾರಿ ಹಿಡಿದಿತ್ತು. ಕಣ್ಣು ಮಂದವಾದ ಮಗು, ಕಿವಿ ಕೇಳದ ಮಗು, ಓದುವುದು ನಿಧಾನವಾದ ಮಗು, ಒಂದು ಕಡೆ ಕೂರಲಾಗದ ಮಗು, ಎಲ್ಲರಿಗೂ ಒಳಗೆ ಬರಲು ಒಂದೊಂದು ಬಾಗಿಲು ಇರುವಂತೆ ಮೊದಲೇ ಯೋಚಿಸಿ ಪಾಠ ಕಟ್ಟುವುದು ಹೇಗೆ ಎಂದು ಜಿಲ್ಲೆಯ ಎಲ್ಲ ಶಿಕ್ಷಕರಿಗೂ ಕಲಿಸಬೇಕೆಂದು ತೀರ್ಮಾನವಾಗಿತ್ತು. ಊರಾಚೆಯ ಎರಡು ಕೋಣೆಯ ಶಾಲೆಯಲ್ಲಿ ಚಿಕ್ಕವಳು ಕೆಲವು ವರ್ಷಗಳಿಂದ ಹೀಗೇ ಪಾಠ ಮಾಡುತ್ತಿದ್ದಳು. ಆದ್ದರಿಂದ ತರಬೇತಿಯ ಹೊಣೆ ಅವಳಿಗೆ ಬಂತು. ಅಧಿಕಾರಿ ಒಂದು ಷರತ್ತು ಹಾಕಿದ್ದರು: ಮೊದಲು ಎಲ್ಲ ಮುಖ್ಯ ಶಿಕ್ಷಕರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಅದು ಕೆಟ್ಟರೆ ಯೋಜನೆಯನ್ನು ಅಲ್ಲಿಗೇ ಬಿಡುವುದು.

ಇದೆಲ್ಲ ದೊಡ್ಡವಳಿಗೆ ಗೊತ್ತಿತ್ತು. ಸಂಜೆ ಗೇಟಿನ ಬಳಿ ಪಕ್ಕದ ಮನೆಯಾಕೆ, "ನಿಮ್ಮ ಓರಗಿತ್ತಿ ಟೀಚರುಗಳಿಗೇ ಟ್ರೈನಿಂಗ್ ಕೊಡ್ತಾರಂತೆ? ನಿಮಗೂ ಕೊಡ್ತಾರಾ?" ಎಂದು ನಗುತ್ತಾ ಕೇಳಿದಾಗ ಅವಳಿಗೆ ಮೈಯೆಲ್ಲ ಉರಿಯಿತು.

"ಹೊರಗಿನವಳೇನಲ್ವಲ್ಲ, ಬಿಡು" ಎಂದ ಗಂಡ.

"ಹೊರಗಿನವಳಾಗಿದ್ರೆ ಮನೆಗೆ ಬಂದು ಬಾಗಿಲು ಹಾಕ್ಕೋಬಹುದಿತ್ತು. ಇವಳ ಜೊತೆ ಒಂದೇ ಸಿಂಕಲ್ಲಿ ಪಾತ್ರೆ ತೊಳೀಬೇಕಲ್ರೀ" ಎಂದಳು ದೊಡ್ಡವಳು. ಇದೇ ಊಟದ ಮೇಜಿನ ಮೇಲೆ ಚಿಕ್ಕವಳಿಗೆ ಪಾಠ ಯೋಜನೆ ಬರೆಯಲು ಕಲಿಸಿದವಳು ಅವಳು. ಸೀಮೆಸುಣ್ಣ ಕಿರುಗುಟ್ಟದಂತೆ ಹಿಡಿಯುವುದನ್ನೂ ಅವಳೇ ಹೇಳಿಕೊಟ್ಟಿದ್ದಳು.

ಆ ದಿನ ಪಾತ್ರೆ ತೊಳೆಯುವಾಗ ಮಾತು ಬಂದೇ ಬಂತು.

"ನನ್ನ ಪಾಠದಲ್ಲಿ ಏನು ಕೊರತೆ ಕಾಣಿಸ್ತೇ ನಿಂಗೆ?"

"ಪಾಠದಲ್ಲಿ ಕೊರತೆ ಇಲ್ಲ ಅಕ್ಕ. ಅದು ಬೋರ್ಡ್ ಮೇಲೆ ಮಾತ್ರ ಇದೆ, ಅಷ್ಟೇ."

"ಮತ್ತೆಲ್ಲಿರಬೇಕಿತ್ತು, ಆಕಾಶದಲ್ಲಾ? ತರಗತಿ ತುಂಬ ಮಕ್ಕಳು, ಇರೋದು ಒಂದು ಪೀರಿಯಡ್ಡು. ನಾಲ್ಕು ಜನಕ್ಕೋಸ್ಕರ ಕಾಯ್ತಾ ಕೂತ್ರೆ ಮಿಕ್ಕವರ ಪಾಠ ಯಾರು ಮುಗಿಸ್ತಾರೆ? ಪರೀಕ್ಷೆಯಲ್ಲಿ ಅಂಕ ಬರದಿದ್ರೆ ಅವರ ಅಪ್ಪ ಅಮ್ಮ ಬಂದು ನಿನ್ನ ಕೇಳ್ತಾರಾ, ನನ್ನ ಕೇಳ್ತಾರಾ?"

"ನಿಮ್ಮನ್ನೇ ಕೇಳ್ತಾರೆ. ಅದು ನಿಜ" ಎಂದು ಚಿಕ್ಕವಳು ಲೋಟ ಬೋರಲು ಹಾಕಿದಳು. "ಕಾಯಬೇಡಿ ಅಂತಲೇ ನಾನೂ ಹೇಳೋದು. ಬರೆಯುವಾಗಲೇ ಆ ನಾಲ್ಕು ಜನಾನೂ ಲೆಕ್ಕಕ್ಕೆ ತಗೊಂಡ್ರೆ ಆಮೇಲೆ ಕಾಯೋದಿರಲ್ಲ."

"ಎರಡು ಕೋಣೆ ಶಾಲೇಲಿ ಕೂತು ಹೇಳೋದು ಸುಲಭ ಕಣೇ."

ಚಿಕ್ಕವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. ದೊಡ್ಡವಳಿಗೆ ಅದೂ ಸೊಕ್ಕಿನಂತೆ ಕಂಡಿತು.

ಮಾದರಿ ಪಾಠಕ್ಕೆ ಈ ಜಿಲ್ಲೆಯಲ್ಲಿ ಒಂದು ರೂಢಿಯಿತ್ತು. ಅದನ್ನು ಯಾರೂ ಆದೇಶ ಹೊರಡಿಸಿ ತಂದಿರಲಿಲ್ಲ. ನೋಡುವವರು ಬರುವ ದಿನ ಅಟೆಂಡರ್ ನೀರಿನ ಕ್ಯಾನುಗಳನ್ನು ಹಿಡಿದು ತರಗತಿಯ ಬಾಗಿಲಿಗೆ ಬರುತ್ತಿದ್ದ. ಹಿಂದೆ ಬಿದ್ದ ಮಕ್ಕಳು, ಗಲಾಟೆ ಮಾಡುವವರು, ಕೇಳಿದ್ದಕ್ಕೆ ಬಾಯಿ ಬಿಡದವರು ಎದ್ದು ಅವನ ಹಿಂದೆ ಹೋಗಿ, ಪಾಠ ಮುಗಿಯುವವರೆಗೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಇದಕ್ಕೆ 'ತೋಟದ ಡ್ಯೂಟಿ' ಎಂದು ಹೆಸರು. ಮಕ್ಕಳೂ ಖುಷಿಯಿಂದಲೇ ಹೋಗುತ್ತಿದ್ದರು.

"ಮಕ್ಕಳನ್ನ ಕೂರಿಸೋ ಜವಾಬ್ದಾರಿ ನಿಮ್ಮದೇ ಮೇಡಂ" ಎಂದರು ಹೆಡ್‌ಮಾಸ್ಟರು.

ದೊಡ್ಡವಳು ಒಪ್ಪಿಕೊಂಡಳು. ಐದನೇ ತರಗತಿಗೆ ಮೂರು ವಿಭಾಗಗಳಿದ್ದವು. ಪಾಠದ ದಿನ ಮೂರರಿಂದಲೂ ತೋಟದ ಡ್ಯೂಟಿಯ ಮಕ್ಕಳನ್ನಷ್ಟೇ ಹೆಕ್ಕಿ ತಂದು ಒಂದೇ ಕೋಣೆಯಲ್ಲಿ ತುಂಬಿದಳು. ಅಟೆಂಡರ್ ಖಾಲಿ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತ.

"ಎಲ್ಲಾರ್ನೂ ನೀವೇ ಇಟ್ಕೊಂಡ್ರೆ ಗಿಡಕ್ಕೆ ನೀರು ಹಾಕೋರ್ಯಾರು ಮೇಡಂ?"

"ಇವತ್ತೊಂದಿನ ಒಣಗಲಿ" ಎಂದಳು.

ಚಿಕ್ಕವಳು ಕೈಚೀಲ ಹಿಡಿದು ಒಳಗೆ ಬಂದಳು. ಮಕ್ಕಳನ್ನು ನೋಡಿದಳು. ಆಮೇಲೆ ಹಿಂದಿನ ಸಾಲಿನಲ್ಲಿ, ಮುಖ್ಯ ಶಿಕ್ಷಕರ ನಡುವೆ ಕೂತಿದ್ದ ಓರಗಿತ್ತಿಯನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು. ಮುಖದ ಬಣ್ಣ ಇಳಿಯಿತು. ಚೀಲದಿಂದ ಕಾಗದದ ಪಟ್ಟಿ, ಹಗ್ಗದ ತುಂಡು, ಅಳತೆಯ ಲೋಟ, ಚಿತ್ರದ ಕಾರ್ಡು ತೆಗೆದಿಟ್ಟು, "ಯಾರಿಗೆ ಯಾವುದು ಬೇಕೋ ತಗೊಳ್ಳಿ. ಎಲ್ಲರಿಗೂ ಲೆಕ್ಕ ಒಂದೇ, ದಾರಿ ಮಾತ್ರ ನಿಮ್ಮದು" ಎಂದಳು.

ಮೊದಲರ್ಧ ಕೆಟ್ಟದಾಗಿಯೇ ಹೋಯಿತು. ಹಗ್ಗಕ್ಕಾಗಿ ಇಬ್ಬರು ಕಿತ್ತಾಡಿದರು. ಒಬ್ಬ ಪಟ್ಟಿಯನ್ನು ಚೂರು ಚೂರು ಮಾಡಿ ಮೇಲಕ್ಕೆ ತೂರಿದ. ಲೋಟದ ನೀರು ಮುಂದಿನ ಬೆಂಚಿನಿಂದ ಅಧಿಕಾರಿಯ ಬೂಟಿನವರೆಗೆ ಹರಿಯಿತು. ಕಿವಿ ಕೇಳದ ಹುಡುಗ ಚಿತ್ರದ ಕಾರ್ಡುಗಳನ್ನು ಸರಿಯಾಗಿ ಜೋಡಿಸಿದ್ದ. ಆ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು.

"ಇದು ಪಾಠಾನೋ ಸಂತೇನೋ! ನೀವಾಗಿದ್ರೆ ಇಷ್ಟೊತ್ತಿಗೆ ವೃತ್ತ ಬರೆದು ಚಪ್ಪಾಳೆ ಗಿಟ್ಟಿಸ್ತಿದ್ರಿ" ಎಂದು ಪಕ್ಕದಲ್ಲಿದ್ದ ಮುಖ್ಯ ಶಿಕ್ಷಕರು ಪಿಸುಗುಟ್ಟಿದರು. ಎಷ್ಟೋ ದಿನಗಳ ಮೇಲೆ ದೊಡ್ಡವಳಿಗೆ ಉಸಿರು ಸಲೀಸಾಗಿ ಆಡಿತು.

ಕಿಟಕಿಯ ಪಕ್ಕ ಒಬ್ಬ ಹುಡುಗಿ ಕೂತಿದ್ದಳು. ಯಾವಾಗಲೂ ಕತ್ತು ಓರೆ ಮಾಡಿಕೊಂಡು, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವವಳು. ದೊಡ್ಡವಳ ವಿಭಾಗದವಳೇ. 'ಮಂಕು' ಎಂದು ಅವಳ ಬಗ್ಗೆ ಶಾಲೆಯಲ್ಲಿ ತೀರ್ಪು ಆಗಿಹೋಗಿತ್ತು. ಅವಳು ಪಟ್ಟಿಯನ್ನು ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳ ಉಗುರು ಎಳೆದು, ತುದಿಗಳನ್ನು ಬೆರಳಿನಿಂದಲೇ ಸರಿಮಾಡುತ್ತಿದ್ದಳು. ಚಿಕ್ಕವಳು ಹತ್ತಿರ ಹೋಗಿ ಬಗ್ಗಿದಳು.

"ಅರ್ಧದಲ್ಲಿ ಅರ್ಧ ಎಷ್ಟು ಪುಟ್ಟಿ?"

"ಕಾಲು."

"ಕಾಲಿನಲ್ಲಿ ಅರ್ಧ?"

ಹುಡುಗಿ ಮತ್ತೊಂದು ಮಡಿಕೆ ಹಾಕಿ, ಪಟ್ಟಿ ಬಿಡಿಸಿ, ಮಡಿಕೆಗಳ ಮೇಲೆ ಬೆರಳಾಡಿಸಿದಳು. "ಎಂಟನೇ ಒಂದು. ಕೆಳಗಿನ ಅಂಕಿ ದೊಡ್ಡದಾದ ಹಾಗೆ ತುಂಡು ಸಣ್ಣದಾಗುತ್ತೆ. ಅಂಕಿ ನೋಡಿ ಮೋಸ ಹೋಗಬೇಡಿ ಮಕ್ಕಳೇ, ತುಂಡು ನೋಡಿ."

ಹಿಂದಿನ ಸಾಲಿನ ತಲೆಗಳೆಲ್ಲ ವೃತ್ತದ ಮೇಡಂ ಕಡೆ ತಿರುಗಿದವು. ಆ ಮಾತು, ಆ 'ಮಕ್ಕಳೇ', ನಡುವಿನ ಆ ನಿಲುಗಡೆ, ಎಲ್ಲವನ್ನೂ ಅವರು ವರ್ಷ ವರ್ಷವೂ ಕೇಳಿದ್ದರು.

"ಯಾರು ಹೇಳಿಕೊಟ್ರು ನಿಂಗೆ?"

"ವೃತ್ತದ ಮೇಡಂ. ನಂಗಲ್ಲ, ಒಳಗಿದ್ದೋರಿಗೆ. ಇನ್‌ಸ್ಪೆಕ್ಷನ್ ದಿನ ನಾನು ಕಿಟಕಿ ಕೆಳಗೆ ಗಿಡಕ್ಕೆ ನೀರು ಹಾಕ್ತಾ ಇದ್ದೆ. ಎಲ್ಲಾ ಕೇಳಿಸ್ತು." ಹುಡುಗಿ ಸ್ವಲ್ಪ ಯೋಚಿಸಿದಳು. "ಮಧ್ಯದಲ್ಲಿ ಎಲ್ಲರೂ ಚಪ್ಪಾಳೆ ಹೊಡೆದ್ರು. ಅದ್ಯಾಕೆ ಅಂತ ಮಾತ್ರ ಗೊತ್ತಾಗ್ಲಿಲ್ಲ."

ಅಲ್ಲಿದ್ದ ಪ್ರತಿಯೊಬ್ಬ ಮುಖ್ಯ ಶಿಕ್ಷಕರ ಶಾಲೆಯಲ್ಲೂ ನೀರಿನ ಕ್ಯಾನುಗಳಿದ್ದವು.

ಚಿಕ್ಕವಳು ಒಂದು ಮಾತು ಆಡಿದ್ದರೆ ಸಾಕಿತ್ತು. ಈ ಮಕ್ಕಳನ್ನು ಇಲ್ಲಿ ಕೂರಿಸಿದವರು ಯಾರು, ಯಾಕೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಅವಳು, "ಹೊರಗೆ ನಿಂತು ಕೇಳಿಸಿಕೊಂಡೇ ಇಷ್ಟು ಕಲ್ತಿದ್ದೀಯ ಅಂದ್ರೆ ಆ ಮೇಡಂ ಚೆನ್ನಾಗಿ ಹೇಳಿದ್ದಾರೆ ಅಂತಾಯ್ತು" ಎಂದು ಮುಂದಿನ ಬೆಂಚಿಗೆ ಹೋದಳು.

ದೊಡ್ಡವಳು ತಲೆ ತಗ್ಗಿಸಿದಳು. ಆಗಲೂ ಅವಳಿಗೆ ಮೊದಲು ಅನ್ನಿಸಿದ್ದು, ದೊಡ್ಡತನವೂ ಕೊನೆಗೆ ಚಿಕ್ಕವಳ ಪಾಲಿಗೇ ಹೋಯಿತಲ್ಲ ಎಂದು.

ಗಂಟೆ ಹೊಡೆದ ಮೇಲೆ ಅಧಿಕಾರಿ, "ಗಲಾಟೆ ಜಾಸ್ತಿಯಾಯ್ತು. ಅದನ್ನ ಸರಿಮಾಡ್ಕೊಳ್ಳಿ" ಎಂದು ಒದ್ದೆ ಬೂಟು ಒರೆಸಿಕೊಂಡರು. "ತರಬೇತಿ ಎಲ್ಲ ಶಾಲೆಗೂ ಹೋಗಲಿ."

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು.

"ಹೇಳಿಬಿಡಬೇಕಿತ್ತು ನೀನು" ಎಂದಳು ದೊಡ್ಡವಳು, ಕಿಟಕಿಯಾಚೆ ನೋಡುತ್ತಾ. "ಮಕ್ಕಳನ್ನ ಆರಿಸಿದ್ದು ನಾನೇ ಅಂತ."

"ಹೇಳಿದ್ರೆ ಇವತ್ತು ಪಾತ್ರೆಯೆಲ್ಲ ನಾನೊಬ್ಬಳೇ ತೊಳೀಬೇಕಾಗ್ತಿತ್ತು ಅಕ್ಕ."

"ತಮಾಷೆ ಸಾಕು."

"ಸಿಟ್ಟು ಬಂದಿತ್ತು. ಇಲ್ಲ ಅನ್ನಲ್ಲ. ನಾಲಿಗೆ ತುದಿವರೆಗೂ ಬಂದಿತ್ತು." ಚಿಕ್ಕವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ಆದ್ರೆ ಹೊಟ್ಟೆಕಿಚ್ಚು ನಂಗೂ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ದಿನಾ ಸಂಜೆ ಬಾಗಿಲು ಹಾಕ್ಕೊಂಡು ಬೋರ್ಡ್ ಮೇಲೆ ನಿಮ್ಮ ವೃತ್ತ ಬರೀತಿದ್ದೆ. ಒಂದು ದಿನಾನೂ ಬರ್ಲಿಲ್ಲ. ಎಲ್ಲಾ ಆಲೂಗಡ್ಡೆ. ನಿಮ್ಮ ಕೈ ಮೇಲೆ ಎಷ್ಟು ಉರಿ ಇತ್ತು ಅಂತೀರಿ! ಅದು ಬರದೇ ಇದ್ದಿದ್ದಕ್ಕೇ ಕಾಗದ, ಹಗ್ಗ ಹಿಡಿದದ್ದು ನಾನು."

ದೊಡ್ಡವಳಿಗೆ ಬೇಡವೆಂದರೂ ನಗು ಬಂತು. ಅದು ಹೋದ ಮೇಲೆ ಕೇಳಿದಳು: "ಆ ಹುಡುಗಿಗೆ ಬೋರ್ಡ್ ಕಾಣಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತು? ಇಷ್ಟು ದಿನ ನನ್ನ ಮುಂದೇ ಕೂತಿದ್ಲು."

"ಗೊತ್ತಿರ್ಲಿಲ್ಲ. ಕಾಣದೋರು ಒಬ್ಬರಾದ್ರೂ ಇರ್ತಾರೆ ಅಂದ್ಕೊಂಡೇ ಪಾಠ ಬರೆದೆ. ಇಲ್ಲದೇ ಇದ್ದಿದ್ರೂ ನಷ್ಟ ಏನಿತ್ತು?"

ದೊಡ್ಡವಳು ಮರುದಿನವೇ ಹುಡುಗಿಯ ತಾಯಿಯನ್ನು ಕರೆಸಿ ಮಾತಾಡಿದಳು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕನ್ನಡಕದಿಂದ ಸ್ವಲ್ಪ ಅನುಕೂಲವಾದೀತು, ಪೂರ್ತಿ ಅಲ್ಲ ಎಂದರು. ತರಬೇತಿಯ ಮೊದಲ ತಂಡದಲ್ಲಿ ದೊಡ್ಡವಳೂ ಇದ್ದಳು. ಮೊದಲ ದಿನ ಪೂರ್ತಿ ಮುಖ ಗಂಟಿಕ್ಕಿಕೊಂಡೇ ಕೂತಿದ್ದಳು. ಎರಡನೆಯ ದಿನ ಪ್ರಶ್ನೆ ಕೇಳಿದಳು, ಮೂರನೆಯ ದಿನ ಜಗಳವಾಡಿದಳು. ಸಂಜೆ ಗೇಟಿನ ಬಳಿ ಪಕ್ಕದ ಮನೆಯಾಕೆ ಸಿಕ್ಕಾಗ ಕೇಳುವ ಮೊದಲೇ, "ನಂಗೂ ಕೊಟ್ರು" ಎಂದು ಒಳಗೆ ಹೋದಳು.

ಆಮೇಲೊಂದು ದಿನ ಪಕ್ಕದ ಶಾಲೆಗಳ ಶಿಕ್ಷಕರು ಅವಳ ಭಿನ್ನರಾಶಿಯ ಪಾಠ ನೋಡಲು ಬಂದರು. ಅಟೆಂಡರ್ ಎಂದಿನಂತೆ ಕ್ಯಾನು ಹಿಡಿದು ಬಾಗಿಲಿಗೆ ಬಂದ. ಇಬ್ಬರು ಮಕ್ಕಳು ಅಭ್ಯಾಸದಂತೆ ಎದ್ದೂ ನಿಂತರು.

"ಕೂತ್ಕೊಳ್ಳಿ. ಯಾರೂ ಹೋಗೋದಿಲ್ಲ" ಎಂದಳು.

ಬೋರ್ಡಿನ ಕಡೆ ತಿರುಗಿ ಒಂದೇ ಎಳೆತದಲ್ಲಿ ವೃತ್ತ ಬರೆದಳು. ಅದನ್ನು ಬಿಡಲು ಅವಳಿಗೆ ಮನಸ್ಸಾಗಿರಲಿಲ್ಲ. ಬಂದವರು ಚಪ್ಪಾಳೆ ಹೊಡೆದರು. ಅವಳು ಸೀಮೆಸುಣ್ಣ ಕೆಳಗಿಟ್ಟು, ಮನೆಯಿಂದ ತಂದಿದ್ದ ಸ್ಟೀಲ್ ತಟ್ಟೆಗಳನ್ನು ಬೆಂಚುಗಳಿಗೆ ಹಂಚಿದಳು. ಕಿಟಕಿಯ ಪಕ್ಕದ ಹುಡುಗಿಯ ಬಳಿ ನಿಂತು, ಅವಳ ಬೆರಳು ಹಿಡಿದು ತಟ್ಟೆಯ ಅಂಚಿನ ಸುತ್ತ ಒಂದು ಸುತ್ತು ತಂದಳು.

"ಅವತ್ತು ಕೇಳಿದ್ಯಲ್ಲ. ಚಪ್ಪಾಳೆ ಹೊಡೆದದ್ದು ಇದನ್ನ ಬರೆದಿದ್ದಕ್ಕೆ."

ಹುಡುಗಿ ತಾನೇ ಮತ್ತೊಂದು ಸುತ್ತು ಬೆರಳಾಡಿಸಿ ನೋಡಿದಳು.

"ಇಷ್ಟಕ್ಕಾ ಮೇಡಂ?"

ಮಕ್ಕಳು ನಕ್ಕರು. ಒಂದು ಕ್ಷಣ ತಡೆದು ವೃತ್ತದ ಮೇಡಂ ಕೂಡ ನಕ್ಕಳು.

ಗಂಟೆ ಹೊಡೆದಾಗ ಪಾಠ ಅರ್ಧ, ಕಾಲು ಎಂಬಲ್ಲಿಯವರೆಗೆ ಮಾತ್ರ ಬಂದಿತ್ತು. ಉಳಿದದ್ದು ಮರುದಿನ ಮುಗಿಯಿತು. ಆ ಮಧ್ಯಾಹ್ನ ಗಿಡಗಳಿಗೆ ಅಟೆಂಡರ್ ಒಬ್ಬನೇ ನೀರು ಹಾಕಿದ.