ಮನೆಮನೆಗೂ ಅದೇ ನಂಬರು

ನಮ್ಮೂರಿನ ಕರ್ಲಿಂಗ್ ಕ್ಲಬ್ಬಿನಲ್ಲಿ ಐಸ್ ಮಾಡುವವನು ಒರೆಸ್ಟ್. ಅವನು ನೀರು ಚಿಮುಕಿಸಿ ಹದ ಮಾಡಿದ ಐಸಿನ ಮೇಲೆ ಕಲ್ಲು ಜಾರಿಸುವ ಆ ಆಟ ಆಡುತ್ತಲೇ ನಾನು ಮುದುಕಿಯಾದೆ. ಅಂಥ ಗೆಳೆಯ ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ.

ಆದದ್ದಿಷ್ಟು. ಮಂಗಳವಾರ ಮಧ್ಯಾಹ್ನ ಕ್ಲಬ್ಬಿನ ವೆಬ್‌ಸೈಟಿನಲ್ಲಿ ಯಾರೋ ಹೆಸರು ಹಾಕದೆ ಬರೆದಿದ್ದರು: “ಒರೆಸ್ಟನ ಕೈ ನಡುಗುತ್ತದೆ, ಐಸು ಕೆಟ್ಟಿದೆ, ಅವನನ್ನು ಮನೆಗೆ ಕಳಿಸಿ.” ಆ ವೆಬ್‌ಸೈಟು ಇರುವುದು ಕ್ಲಬ್ಬಿನ ಹಿಂದಿನ ಕೋಣೆಯ ಹಳೇ ಕಂಪ್ಯೂಟರಿನಲ್ಲಿ. ಅಧ್ಯಕ್ಷ ಗಾರ್ತ್ ಅದನ್ನು ಕೆದಕಿ, ಬರೆದವರ ಕಂಪ್ಯೂಟರಿನ ವಿಳಾಸ ಸಿಕ್ಕಿತು ಎಂದ: 192.168.1.14. ಕಮಿಟಿಯ ನಾವೆಲ್ಲ ನಮ್ಮ ನಮ್ಮ ಮನೆಯ ಕಂಪ್ಯೂಟರಿನ ನಂಬರು ಓದಿ ಹೇಳಬೇಕೆಂದು ಠರಾವಾಯಿತು. ನಾನು ಉತ್ಸಾಹದಿಂದಲೇ ಓದಿದೆ. ಕೊನೆಯ ಹದಿನಾಲ್ಕರವರೆಗೂ ಅದೇ.

“ಇನ್ನೇನ್ ಹೇಳ್ತೀಯಾ ವರ್ನಾ?” ಎಂದ ಗಾರ್ತ್.

ತಲೆ ಮೊಸರುಗಡಿಗೆಯಾಯಿತು. ಕುಂಬಳಕಾಯಿ ಕಳ್ಳ ಎಂದರೆ, ಕದಿಯದ ನಾನೂ ಹೆಗಲು ಮುಟ್ಟಿ ನೋಡಿಕೊಂಡೆ. ನಿದ್ದೆಗಣ್ಣಿನಲ್ಲಿ ಬರೆದೆನೇ? ಬೆಕ್ಕೇನಾದರೂ ಕೀಲಿಮಣೆ ಹತ್ತಿತೇ? ಬೆಕ್ಕಿಗೆ ಒರೆಸ್ಟನ ಮೇಲೆ ಏನು ಸಿಟ್ಟು?

ಕೊನೆಗೆ ಇಂಟರ್‌ನೆಟ್ ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಹೆಂಗಸು ನಕ್ಕಳು.

“ಮೇಡಂ, ಆ ನಂಬರು ಲಕ್ಷಾಂತರ ಮನೇಲಿದೆ. ಜಗತ್ತಿನ ಕಂಪ್ಯೂಟರಿಗೆಲ್ಲ ಬೇರೆಬೇರೆ ಕೊಡೋಣ ಅಂದ್ರೆ ನಂಬರೇ ಸಾಲಲ್ಲ. ಅದಕ್ಕೇ ಮನೆಗೊಂದು ಹೊರಗಿನ ನಂಬರು, ಒಳಗಿರೋವಕ್ಕೆ ಇಂಥವು. ನಿಮ್ಮನೇಲಿ ಮಕ್ಕಳು ‘ಅಮ್ಮಾ’ ಅಂದ್ರೆ ನೀವೊಬ್ರೇ ತಾನೆ? ಅಂಗಡೀಲಿ ಯಾರಾದ್ರೂ ಕೂಗ್ಲಿ, ಹತ್ತು ಜನ ತಿರುಗ್ತಾರೆ.”

“ಹಾಗಾದ್ರೆ ಬರೆದಿದ್ದು ನಾನಲ್ವಾ?”

“ನಿಮ್ಮನೆಯಿಂದಂತೂ ಅಲ್ಲ. ಆ ನಂಬರು ಹೊಸ್ತಿಲು ದಾಟಲ್ಲ. ಕ್ಲಬ್ಬಿನ ಕಂಪ್ಯೂಟರಿಗೆ ಅದು ಕಂಡಿದೆ ಅಂದ್ರೆ ಬರೆದೋರು ಅಲ್ಲೇ ಒಳಗೆ, ಕ್ಲಬ್ಬಿನ ವೈಫೈ ಹಿಡ್ಕೊಂಡು ಕೂತಿದ್ರು.”

ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಆದರೂ ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡು ಒರೆಸ್ಟನ ಮನೆಗೆ ಓಡಿದೆ. ಅವನ ಹೆಂಡತಿ ಮಾರ್ಲೀನ್ ಒಲೆಯ ಮುಂದೆ ನಿಂತು ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಕರಿಯುತ್ತಿದ್ದಳು. ಅವಳ ಎದುರಿಗೇ, ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ.

“ನಂಬರು ಗಿಂಬರು ನಂಗೆ ತಿಳಿಯಲ್ಲ ಮಾರಾಯ್ತಿ. ನೀನಲ್ಲ ಅನ್ನೋದೇ ಸಾಕು,” ಎಂದು ಒರೆಸ್ಟ್ ಕುರ್ಚಿ ಎಳೆದುಕೊಟ್ಟ. ನನಗೆ ಅಳುವೇ ಬಂತು.

ಆಮೇಲೆ ಅವನ ಹುಬ್ಬು ಗಂಟಿಕ್ಕಿತು.

“ಕ್ಲಬ್ಬಿನೊಳಗೆ ಅಂದ್ಯಾ? ಮಂಗಳವಾರ ಮಧ್ಯಾಹ್ನ ಬಾಗಿಲು ಹಾಕಿತ್ತಲ್ಲ. ಕೆಳಗೆ ಐಸಿಗೆ ನೀರು ಹೊಡೀತಿದ್ದೋನು ನಾನು. ಮೇಲೆ ಫೋನ್ ಹಿಡ್ಕೊಂಡು ಕೂತಿದ್ದೋಳು...”

ಮಾರ್ಲೀನ್ ಒಲೆ ಆರಿಸಿದಳು. ನಮ್ಮ ಕಡೆ ತಿರುಗಲಿಲ್ಲ.

“ಹೋದ ತಿಂಗಳು ನೀನ್ ಐಸ್ ಮೇಲೆ ಬಿದ್ದೆ. ಯಾರಿಗೂ ಹೇಳ್ಬೇಡ ಅಂದೆ,” ಎಂದಳು. “ನಾನ್ ಕೆಲಸ ಬಿಡು ಅಂದ್ರೆ ನೀನ್ ಬಿಡ್ತಿದ್ಯಾ? ಕ್ಲಬ್ಬಿನೋರು ಅಂದ್ರಾದ್ರೂ ಕೇಳ್ತೀಯೇನೋ ಅಂತ.”

ಒರೆಸ್ಟ್ ಮೇಜಿನ ಮೇಲಿದ್ದ ಎರಡೂ ಕೈಗಳನ್ನು ಕೆಳಗೆ ಇಳಿಸಿಕೊಂಡ. ನಾನು ಏಳಬೇಕೋ, ಕೂತೇ ಇರಬೇಕೋ ತಿಳಿಯಲಿಲ್ಲ. ಬರೆದವಳು ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಟ್ಟಿದ್ದರೆ ಚೆನ್ನಾಗಿತ್ತೇನೋ, ಅದೂ ತಿಳಿಯಲಿಲ್ಲ.